ಸೈಕಲ್ ಮ್ಯಾಲ ತವರಿಗಿ ಹೊಂಟ ವೈನಿ

ನಮ್ಮ ವೈನಿ ಸಂಗಟ ಮನಿ ಬಿಟ್ಟು ಹೊಂಟ್ರ ಸುಮ್ಮ ಹೋಗಿ ಸುಮ್ಮ ಹೊಳ್ಳಿ ಬರೂದು ಅಂತ ಇಲ್ಲವೇ ಇಲ್ಲರಿ. ಕಾಯಿಪಲ್ಯಾ ತರ್ಲಾಕ ಹೋದ್ರೂ ಏನರೆ ಒಂದು ಆಗ್ತದ, ಮದಿವಿಗಿ ಹೋದ್ರೂ ಒಂದು ಆಗ್ತದ. ಪ್ರತಿ ಸಲ ನಾ ಕಿವಿ ಹಿಡ್ಕೊಂಡು ‘ಇನ್ನ ಇವರ ಸಂಗಟ ಹೋಗೂದಿಲ್ಲಪಾ’ ಅಂತೇನಿ. ಮುಂದಿನ ಸಲ ಮತ್ತ ಚಪ್ಪಲ್ ಮೆಟ್ಕೊಂಡು ಬಾಗಲಾಗ ಮೊದಲ ನಿಂತಿರಾವ ನಾನ.

ಮೊದಲ ಗುರ್ತು ಹೇಳಿಬಿಡ್ತೇನಿ. ವೈನಿ ಅಂದ್ರ ನಮ್ಮ ಅಣ್ಣನ ಹೆಂಡ್ತಿ. ಅವರ ತವರು ಔರಾದ ಕಡಿ ಡಾಬಕಾ. ಅಲ್ಲಿಂದ ಸ್ವಲ್ಪ ಮುಂದ ಹೋದ್ರ ಮಹಾರಾಷ್ಟ್ರ. ಹಿಂಗಾಗಿ ವೈನಿ ಸಿಟ್ಟು ಬಂದ್ರ ಮರಾಠ್ಯಾಗ ಬೈತಾರ, ಪ್ರೀತಿ ಬಂದ್ರ ಕನ್ನಡದಾಗ ಬೈತಾರ. ಅಣ್ಣ ಹೆಡ್‌ಮಾಸ್ತರ ಆಗಿ ರಿಟೈರ್ ಆದವ. ಭಾಲ್ಕಿ, ಔರಾದ ಎರಡೂ ತಾಲೂಕಿನ ಸಾಲಿಗಳಾಗ ಕಲಿಸ್ಯಾನ. ಈ ಭಾಗದಾಗ ಯಾವ ಹಾದಿ ಹಿಡ್ದು ಹೋಗ್ರಿ, ಅವನ ಕೈಯಾಗ ಕಲ್ತವ ಒಬ್ಬ ಅಡ್ಡ ಬಂದೇ ಬರ್ತಾನ. ಇನ್ನ ನಾನು. ಬೀದರದಾಗ ನಂದೊಂದು ಚಷ್ಮಾದ ಅಂಗಡಿ ಅದ. ದಿನಪೂರ್ತಿ ಖುರ್ಚಿ ಮ್ಯಾಲ ಕೂತು ಮಾಡೂ ಕೆಲಸ. ಹೊಟ್ಟಿ ಬಗ್ಗಿ ನಾ ಏನೂ ಹೇಳೂದಿಲ್ಲ, ಅದು ನನಗಿಂತ ಮೊದಲ ಬಂದು ತಾನ ಗುರ್ತು ಹೇಳ್ತದ.

ಸಕ್ಕರಿ ಒಬ್ಬರಿಗಿ, ಸೈಕಲ್ ಒಬ್ಬರಿಗಿ

ಸೈಕಲ್ ತಂದಿದ್ದು ಅಸಲ್ ಅಣ್ಣನ ಸಲುವಾಗಿ. ಸಕ್ಕರಿ ಬಂದದ, ದಿನಾ ಸೈಕಲ್ ತುಳೀರಿ ಅಂತ ಡಾಕ್ಟರ್ ಹೇಳಿದ್ರು. ಗೇರ್ ಇದ್ದದ್ದು, ಛಲೋದು, ಕಣ್ಣಿಗಿ ಹೊಡಿಯೂಹಂತಾ ಕೆಂಪ ಸೈಕಲ್ ಬಂತು. ಅಣ್ಣ ಮೊದಲ ದಿನ ಓಣಿ ಮೂಲಿ ತನಕಾ ಹೋದ. ಅಲ್ಲಿ ಚಹಾದ ಅಂಗಡಿ ಸಿಕ್ತು, ಸಕ್ಕರಿ ಹಾಕಿದ ಚಹಾ ಕುಡ್ದು ಹೊಳ್ಳಿ ಬಂದ. ಎರಡನೇ ದಿನಾನೂ ಹಂಗೇ. ಆಮ್ಯಾಲ ಸೈಕಲ್ ಹ್ಯಾಂಡಲ್ ಮ್ಯಾಲ ಅವನ ಬನಿಯನ್ ಒಣಗ್ಲಾಕತ್ತಿದ್ವು.

ಒಂದು ಮುಂಜಾನಿ ವೈನಿ ಆ ಬನಿಯನ್ ತೆಗ್ದು ಹಗ್ಗಕ್ಕ ಹಾಕಿದ್ರು, ಸೈಕಲ್ ತಗೊಂಡು ಗೇಟ್ ದಾಟಿದ್ರು. ಸಣ್ಣಾಕಿ ಇದ್ದಾಗ ಡಾಬಕಾದಾಗ ಅಪ್ಪನ ದೊಡ್ಡ ಸೈಕಲ್, ನಳಿಕಿ ಕೆಳಗ ಕಾಲ ತೂರಿಸಿ ಕಲ್ತದ್ದಂತ. ಮದಿವ್ಯಾದ ಮ್ಯಾಲ ಮುಟ್ಟಿರ್ಲಿಲ್ಲ. ಈಗ ಮನ್ಯಾಗ ಇಬ್ಬರು ಸೊಸ್ತೇರು ಇದ್ದಾರ, ಮೊಮ್ಮಗಳು ಸಾಲಿಗಿ ಹೋಗ್ತಾಳ. ಹಂತಾ ವೈನಿ ಹಣಿ ಮ್ಯಾಲ ಇಭೂತಿ, ಅದರ ಮ್ಯಾಲ ಹೆಲ್ಮೆಟ್ ಇಟ್ಕೊಂಡು ಬೀದರ ಕಿಲ್ಲಾದ ಕೋಟಿ ತನಕಾ ಹೋಗಿ, ಎಲ್ಲಾರೂ ಏಳೂದ್ರಾಗ ಹೊಳ್ಳಿ ಬಂದು ರೊಟ್ಟಿ ಬಡೀತಿದ್ರು. ನಮ್ಮ ಓಣಿ ಮಂದಿ ಮೊದಲ ನಕ್ರು, ಆಮ್ಯಾಲ ಗಡಿಯಾರ ಇಟ್ಕೊಂಡು ನೋಡ್ಲಾಕತ್ರು.

ಅಲ್ಲೀತನಕಾ ಅಣ್ಣಗ ಏನೂ ತಕರಾರು ಇರ್ಲಿಲ್ಲ. ಆದ್ರ ಒಂದು ದಿನ ಊಟಕ್ಕ ಕೂತಾಗ ವೈನಿ ಅಂದ್ರು, ‘ಹೆಣ್ಮಕ್ಕಳ ಸೈಕಲ್ ತಂಡ ಒಂದು ಮಂಜ್ರಾ ಹೊಳಿ ದಂಡಿ ಹಿಡ್ದು ಹೊಂಟದ. ಮಂಜ್ರಾ ಗೋದಾವರಿಗಿ ಕೂಡೂ ತನಕಾ. ಡೇರಾ ಹಾಕ್ಕೋತ ಹೋಗೂದು. ನಾ ಹೋಗ್ತೇನಿ.’

ಅಣ್ಣನ ಕೈಯಾಗಿನ ತುತ್ತು ಅಲ್ಲೇ ನಿಂತು. ‘ಯಾಕ? ಬಸ್ಸಿನ್ಯಾಗ ಹೋಗಿ ನೋಡು. ನಾ ಕರ್ಕೊಂಡ ಹೋಗ್ತೇನಿ.’

‘ನಿಮ್ಮ ಬಸ್ಸಿನ್ಯಾಗ ಜನ್ಮಾ ಎಲ್ಲಾ ಹೋಗೇನಿ. ತವರಿಗಿ ಹೋಗುವಾಗೊಮ್ಮಿ ಬರುವಾಗೊಮ್ಮಿ ಆ ಮಂಜ್ರಾ ಪೂಲ್ ದಾಟ್ತೇನಿ. ನೀವು ನನ್ನ ಹೆಗಲ ಮ್ಯಾಲ ಗೊರಕಿ ಹೊಡೀತಿರ್ತೀರಿ. ನಾ ಕಿಡಕ್ಯಾಗಿಂದ ನೋಡ್ತೇನಿ. ಹೊಳಿ ತನ್ನ ಪಾಡಿಗಿ ಎಲ್ಲಿಗ್ಯೋ ಹೋಗ್ತದ, ನಾ ಮಾತ್ರ ಹೊಳ್ಳಿ ನಿಮ್ಮ ಅಡಗಿ ಮನಿಗೇ ಬರ್ತೇನಿ. ಅದು ಎಲ್ಲಿಗಿ ಹೋಗ್ತದ ಅಂತ ಒಮ್ಮಿ ನೋಡಬೇಕು.’

ಅಣ್ಣಗ ಅಂಜಿಕಿ. ಹಾದ್ಯಾಗ ಏನರೆ ಆದ್ರ ಅನ್ನೂ ಅಂಜಿಕಿ. ಆದ್ರ ಅಂಜಿಕಿ ಬಂದದ ಅಂತ ಹೆಡ್‌ಮಾಸ್ತರ ಹೇಳ್ತಾನೇನ್ರಿ? ಪರೀಕ್ಷಾ ಇಡ್ತಾನ. ಇಟ್ಟೇಬಿಟ್ಟ. ಬೀದರದಿಂದ ಭಾಲ್ಕಿ ಮ್ಯಾಲ ಒಂದೇ ದಿನದಾಗ ಮಂಜ್ರಾ ಮುಟ್ಟಬೇಕು. ರಾತ್ರಿ ದಂಡಿ ಮ್ಯಾಲ ಡೇರಾದಾಗ ಮಕ್ಕೋಬೇಕು. ಮರುದಿನ ಡಾಬಕಾ. ಯಾರ ಗಾಡಿನೂ ಏರಬಾರದು, ಯಾರ ಮನ್ಯಾಗೂ ಮಕ್ಕೋಬಾರದು. ಪಾಸಾದ್ರ ಗೋದಾವರಿ. ಫೇಲಾದ್ರ ಆ ಮಾತು ಮತ್ತ ಎತ್ತಬಾರದು.

ವೈನಿ ‘ಆಯ್ತು’ ಅಂದು ಇನ್ನೊಂದು ರೊಟ್ಟಿ ಹಾಕಿದ್ರು.

‘ಸುಪರ್ವೈಜರ್ ಯಾರು?’ ಅಂತ ಕೇಳಿದೆ ನಾ, ಬಾಯಿ ಮುಚ್ಕೊಂಡು ಇರ್ಲಾರ್ದ. ಇಬ್ಬರೂ ಕೂಡಿ ನನ್ನ ನೋಡಿದ್ರು. ಮದಿವ್ಯಾದಾಗಿಂದ ಅವರಿಬ್ಬರೂ ಒಂದೇ ಮಾತಿಗಿ ಬಂದಿದ್ದು ನಾ ಕಂಡಂಗ ಅದ ಮೊದಲ.

ಕಟ್ಟಿ ಮ್ಯಾಲಿನ ನ್ಯಾಯ

ಚಳಿ ದಿನ. ನಸಕಿನ್ಯಾಗ ಹೊಂಟ್ವಿ. ವೈನಿ ಮುಂದ, ನಾ ಹಿಂದ. ಬಾಜೂ ಮನಿಯವರ ಸೈಕಲ್ ತಗೊಂಡಿದ್ದೆ, ಡೇರಾದ ಚೀಲ ನನ್ನ ಕ್ಯಾರಿಯರಿಗಿ, ಬಟ್ಟಿ ಗಂಟು ವೈನಿ ಕ್ಯಾರಿಯರಿಗಿ. ಬೀದರದ ಇಳಕಲಾ ಇಳಿಯೂ ತನಕಾ ನಾನೂ ಭಾಳ ಜಬರದಸ್ತ್ ಸೈಕಲ್ ಹೊಡಿಯಾವ ಅನಸ್ತು. ಇಳಕಲಾ ಮುಗೀತು, ನನ್ನ ಜೋರೂ ಮುಗೀತು. ಎರಡೂ ಕಡಿ ತೊಗರಿ ಹೊಲ, ನಡಬರ್ಕ ಹಾದಿ, ದೂರದಾಗ ವೈನಿ ಒಂದು ಕೆಂಪ ಚುಕ್ಕಿ ಆಗಿ ಹೊಂಟಿದ್ರು.

‘ವೈನೀ... ನಿಲ್ರಿ ವೈನೀ... ನಿಮ್ಮ ಕಾಲ ಬೀಳ್ತೇನಿ, ನಿಲ್ರಿ...’ ಅಂತ ಒದರಕೋತ ಒದರಕೋತ ಒಂದು ಊರ ಹೊಕ್ಕೆ.

ಆ ಊರ ಕಟ್ಟಿ ಮ್ಯಾಲ ಹಿರ್ಯಾರು ಬಿಸಲಾ ಕಾಸ್ಕೋತ ಕೂತಿದ್ರು. ವೈನಿ ಮುಂದ ಹೋಗೂದು, ನಾ ಹಿಂದ ಒದರೂದು ಎರಡೂ ಕಂಡ್ರು. ಹಣಿ ತುಂಬ ಇಭೂತಿ ಹಚ್ಚಿದ ಅಜ್ಜಾರೊಬ್ರು ರಸ್ತಾದ ನಡಕ ಬಂದು ಎರಡೂ ಕೈ ಅಗಲ ಮಾಡಿ ವೈನಿಗಿ ನಿಲ್ಲಿಸಿದ್ರು.

‘ಶರಣು ತಾಯಿ. ಎಲ್ಲಿಗಿ ಹೊಂಟಿ?’

‘ಶರಣ್ರಿ. ತವರಿಗಿ ಹೊಂಟೀನ್ರಿ.’

‘ಗಂಡ?’

‘ಮನ್ಯಾಗ ಇದ್ದಾರ್ರಿ.’

‘ಹಿಂದ ಒದರಕೋತ ಬರ್ಲಾಕತ್ತಾವ?’

‘ಮೈದುನರಿ.’

ಅಜ್ಜಾರು ಗಂಟು ನೋಡಿದ್ರು, ವೈನಿ ಮಾರಿ ನೋಡಿದ್ರು, ಕಟ್ಟಿ ಕಡಿ ಹೊಳ್ಳಿ ತಲಿ ಹಾಕಿದ್ರು. ಮಂದಿ ಸರದು ಜಾಗಾ ಮಾಡಿದ್ರು. ‘ಬಾ ತಾಯಿ, ಕೂಡು. ಮನಿ ಅಂದ ಮ್ಯಾಲ ಮಾತು ಬರ್ತಾವ, ಹೋಗ್ತಾವ. ಗಂಟು ಕಟ್ಕೊಂಡು, ಅದೂ ಸೈಕಲ್ ಮ್ಯಾಲ, ಹಿಂಗ ಹೊಂಡಬಾರದು.’

ಅಷ್ಟ್ರಾಗ ನಾ ಬಂದು ಸೈಕಲ್ ಒಗ್ದು ಕಟ್ಟಿಗಿ ಆತ್ಕೊಂಡು ನಿಂತೆ. ಬಾಯಿಂದ ಮಾತ ಬರೂದಿಲ್ಲ. ಬೆವರು ಕಣ್ಣಾಗಿಂದ ಇಳೀಲಾಕತ್ತಿತ್ತು. ಒಬ್ಬರು ಮರುಗಿ ಅಂದ್ರು, ‘ನೋಡ್ರಿ ಪಾಪ, ಮೈದುನ ಅಳ್ಲಾಕತ್ತಾನ. ಹಂತಾ ಮೈದುನ ಎಲ್ಲಿ ಸಿಗ್ತಾನ ತಾಯಿ? ಇವನ ಮಾರಿ ನೋಡ್ಯರೆ ಹೊಳ್ಳು.’

ನಾ ‘ಅಲ್ಲ’ ಅನ್ಲಾಕ ಕೈ ಬೀಸಿದೆ. ಇನ್ನೊಬ್ಬರು ಆ ಕೈ ಹಿಡ್ದು ಸಮಾಧಾನ ಮಾಡ್ಲಾಕತ್ರು.

‘ಏನ್ ಮಾಡ್ದ ಗಂಡ?’ ಅಂತ ಅಜ್ಜಾರು ಕೇಳಿದ್ರು.

ವೈನಿ ಮಾರಿ ಮ್ಯಾಲ ನಗಿ ಅನ್ನೂದು ಹೆಸರಿಗೂ ಇಲ್ಲ. ‘ಏನ್ ಹೇಳ್ಲಿರಿ ಅಜ್ಜಾರ. ಒಂದು ಮಾತ ಕೇಳೂದಿಲ್ಲ. ನಸಕಿನ್ಯಾಗ ಏಳ್ರಿ ಅಂದ್ರ ಏಳೂದಿಲ್ಲ. ಸಿಹಿ ಬ್ಯಾಡ್ರಿ, ಸಕ್ಕರಿ ಅದ ಅಂದ್ರ ಕದ್ದು ತಿಂತಾರ. ಕೇಳಿದ್ರ ಪೇಪರ್ ಅಡ್ಡ ಹಿಡ್ಕೋತಾರ.’

ಕಟ್ಟಿ ಎಲ್ಲಾ ಚ್ಚು ಚ್ಚು ಅಂತು. ‘ಫೋನ್ ಹಚ್ಚು ಅವಗ’ ಅಂದ್ರು ಅಜ್ಜಾರು. ವೈನಿ ಹಚ್ಚಿ ಸ್ಪೀಕರ್ ಇಟ್ಟು ಕೊಟ್ರು.

‘ಏನಪಾ, ಮನಿ ಲಕ್ಷ್ಮಿ ಸಂಗಟ ನಡಕೊಳ್ಳೂದು ಹಿಂಗೇನು?’

ಆ ಕಡಿಂದ ಅಣ್ಣನ ಧ್ವನಿ, ‘ಯಾರ್ರಿ? ಏನಾತ್ರಿ? ಅಕಿ ಆರಾಮ ಇದ್ದಾಳಿಲ್ಲೋ?’

‘ಆರಾಮ ಇದ್ದಾಳ. ಆದ್ರ ಇವತ್ತಿನಿಂದ ನೀ ಸಿಹಿ ಮುಟ್ಟಬಾರದು. ನಸಕಿನ್ಯಾಗ ಏಳಬೇಕು. ಅಕಿ ಮಾತಾಡುವಾಗ ಪೇಪರ್ ಕೆಳಗ ಇಡಬೇಕು. ಇಲ್ಲಿ ಕಟ್ಟಿ ಮ್ಯಾಲ ಊರ ಹಿರ್ಯಾರೆಲ್ಲಾ ಕೂತಾರ. ಮಾತ ಕೊಡು.’

ಸಾವಿರ ಹುಡುಗುರಿಗಿ ಬಗ್ಗಿಸಿದ ನಮ್ಮ ಹೆಡ್‌ಮಾಸ್ತರ ಸಣ್ಣ ಧ್ವನಿಲಿ ಅಂದ, ‘ಕೊಟ್ಟೇನ್ರಿ.’

ಅಷ್ಟ್ರಾಗ ನನಗ ಉಸಿರು ಹೊಳ್ಳಿ ಬಂತು. ‘ಅಜ್ಜಾರ, ಜಗಳ ಗಿಗಳ ಏನಿಲ್ರಿ. ನಾವು ಸೈಕಲ್ ಮ್ಯಾಲ ಊರ ನೋಡ್ಲಾಕ ಹೊಂಟವರು. ನೀರಿನ ಬಾಟ್ಲಿ ಎರಡೂ ಅವರ ಸೈಕಲ್ಲಿಗೇ ಅವ, ಅದಕ್ಕ ಒದರಲಾಕತ್ತಿದ್ದೆ.’

ಅಜ್ಜಾರು ನನ್ನ ನೋಡಿದ್ರು, ವೈನಿಗಿ ನೋಡಿದ್ರು. ವೈನಿ ಈಗ ಡ್ರೆಸ್ಸಿನ ಓಢಣಿ ಬಾಯಿಗಿ ಒತ್ಕೊಂಡು ನಗ್ಲಾಕತ್ತಿದ್ರು. ‘ಇರ್ಲಿ’ ಅಂದ್ರು ಅಜ್ಜಾರು. ‘ಜಗಳ ಇಲ್ಲಾಂದ್ರೂ ಅಂವ ಮಾತ ಕೊಟ್ಟಾನ. ಅದನ್ನ ನಾವು ಹೊಳ್ಳಿ ಕೊಡೂದಿಲ್ಲ.’

ಬಸ್ಸಿನ ಹಿಂದ ಓಡಿದ್ದು

ಭಾಲ್ಕಿ ಇನ್ನ ದೂರ ಇತ್ತು. ಎದರ ಗಾಳಿ ಬೇರೆ. ಏರಿನ್ಯಾಗ ನಾ ಸೈಕಲ್ ನೂಕಿಕೋತ ಹೊಂಟಿದ್ದೆ, ವೈನಿ ಕೂತೇ ತುಳೀಲಾಕತ್ತಿದ್ರು. ಹಿಂದಿಂದ ಒಂದು ಸರಕಾರಿ ಬಸ್ ಬಂದು ನಮ್ಮ ಮುಂದ ಗಕ್ಕನ ನಿಂತು. ಡ್ರೈವರ್ ಇಳ್ದು ಓಡಿ ಬಂದವನೇ ವೈನಿ ಕಾಲಿಗಿ ಬಿದ್ದ.

‘ಅಮ್ಮಾರ, ನಾ ಸರ್ ಕೈಯಾಗ ಕಲ್ತಾವರಿ. ನಿಮ್ಮ ಮನ್ಯಾಗ ಎಷ್ಟ ಸಲ ಉಂಡೀನಿ. ನೀವು ಸೈಕಲ್ ತುಳಿಯೂದು, ನಾ ಬಸ್ ಹೊಡ್ಕೊಂಡು ಬಾಜೂದಿಂದ ಹೋಗೂದು, ಇದು ಆಗ್ತದೇನ್ರಿ? ಏರ್ರಿ. ಸೈಕಲ್ ಮ್ಯಾಲ ಒಗೀತೇನಿ.’

ಬಸ್ಸಿನ ಎಲ್ಲಾ ಕಿಡಕಿಯಿಂದ ಒಂದೊಂದು ತಲಿ ಹೊರಗ ಬಂದಿದ್ವು. ‘ಏನ್ ಹರಕಿ ಅದಬೇ?’ ಅಂತ ಒಬ್ಬಾಕಿ ಕೇಳಿದ್ಲು. ‘ಹರಕಿ ಇದ್ರ ಚಪ್ಪಲಿ ಹಾಕ್ಕೊಂಡಾಳಲ್ಲ’ ಅಂತ ಇನ್ನೊಬ್ಬಾಕಿ. ‘ಪೆಟ್ರೋಲ್ ತುಟ್ಟಿ ಆಗ್ಯಾದ, ಅದಕ್ಕ’ ಅಂದವರೂ ಇದ್ರು.

ವೈನಿ ಪರೀಕ್ಷಾದ ಖಬರ್ ಎಲ್ಲಾ ಹೇಳ್ಲಾಕತ್ರು. ನಾ ಅಷ್ಟ್ರಾಗ ನನ್ನ ಕೆಲಸ ನಾ ಮಾಡಿದ್ದೆ. ಸುಪರ್ವೈಜರ್ ಬಸ್ ಏರಬಾರದು ಅಂತ ಶರತ್ತಿನ್ಯಾಗ ಎಲ್ಲಿ ಇತ್ತು? ಕಂಡಕ್ಟರ್ ಮ್ಯಾಲ ಹತ್ತಿದ್ದ, ನಾ ಕೆಳಗಿಂದ ನೂಕಿದೆ, ನನ್ನ ಸೈಕಲ್ ಬಸ್ಸಿನ ಟಪ್ ಮ್ಯಾಲ ಹೋಗಿ ಮಕ್ಕೊಂತು. ಕಂಡಕ್ಟರ್ ಇಳ್ದು ಬಾಗಲಾ ಕಡಿ ಹೋದ.

ಡ್ರೈವರ್ ಮಾತ್ರ ‘ಪರೀಕ್ಷಾ’ ಅನ್ನೂದು ಕೇಳಿದ್ದೇ ನೆಟ್ಟಗ ಆದ. ‘ಸರ್ ಇಟ್ಟಾರೇನ್ರಿ ಪರೀಕ್ಷಾ? ಹಂಗಿದ್ರ ನಾ ಕಾಪಿ ಹೊಡಸ್ಲಾಕ ಬಂದಂಗ ಆತಲ್ಲರಿ! ಮಾಫ್ ಮಾಡ್ರಿ ಅಮ್ಮಾರ. ನಾ ಬಂದಿದ್ದು ಸರಿಗಿ ಹೇಳಬ್ಯಾಡ್ರಿ.’ ಓಡಿ ಹೋಗಿ ಸೀಟ ಮ್ಯಾಲ ಕೂತ. ಮತ್ತ ತಲಿ ಹೊರಗ ಹಾಕಿ ಅಂದ, ‘ಏರ ಮುಗಿಯೂ ತನಕಾ ನಿಮ್ಮ ಮುಂದ ಸಾವಕಾಶ ಹೋಗ್ತೇನಿ. ಗಾಳಿಗಿ ಅಡ್ಡ ಆಗ್ತದ. ಅದು ಕಾಪಿ ಅಲ್ಲಲ್ಲರಿ?’

ಅವ ಹೋದ, ಅವನ ಹಿಂದ ವೈನಿ ಹೋದ್ರು. ಬಸ್ಸಿನ ಹಿಂದಿನ ಕಿಡಕಿಯಿಂದ ಹೆಣ್ಮಕ್ಕಳು ‘ಹಾಂ, ತುಳಿಬೇ ಯಕ್ಕಾ, ಬಿಡಬ್ಯಾಡ!’ ಅಂತ ಚಪ್ಪಾಳಿ ಹೊಡೀಲಾಕತ್ರು. ವೈನಿ ಹಂತಾ ಏರು ಒಮ್ಮಿ ಸೈತ ಕಾಲ ಊರದಂಗ ಹತ್ತಿದ್ರು. ಅದನ್ನ ನೋಡಿ ನನಗ ಮೈ ಝುಂ ಅಂತು, ಖರೇನ ಹೇಳ್ತೇನಿ, ನಮ್ಮ ವೈನಿ ಇವರು ಅಂತ ಎದಿ ಉಬ್ಬಿತು.

ಎದಿ ಉಬ್ಬಿಸ್ಕೊಂಡು ನಿಂತಾಗ ನೆನಪಾತು, ನನ್ನ ಸೈಕಲ್ ಬಸ್ಸಿನ ಮ್ಯಾಲ ಅದ. ಏರ ಮುಗಿಯೂ ತನಕಾ ‘ನನ್ ಸೈಕಲ್ ಕೊಡ್ರೋ’ ಅಂತ ಬಸ್ಸಿನ ಹಿಂದ ಓಡ್ದೆ; ಅಲ್ಲಿ ಬಸ್ ನಿಲ್ಸಿ ಇಳಿಸಿಕೊಟ್ರು. ಕಿಡಕ್ಯಾಗಿನ ಹೆಣ್ಮಕ್ಕಳು ನನಗೂ ಚಪ್ಪಾಳಿ ಹೊಡದ್ರು, ಇದೂ ಪರೀಕ್ಷಾದಾಗ ಅದ ಅಂತ ತಿಳ್ಕೊಂಡು.

ಭಾಲ್ಕ್ಯಾಗ ಮನಿ ಬಿಚ್ಚಿದ್ದು

ಭಾಲ್ಕಿ ಬಜಾರದಾಗ ಒಂದು ಹೋಟಲ್ ಹೊಕ್ವಿ. ನಾ ಮಿರ್ಚಿ ಭಜಿ ತಿನ್ಲಾಕತ್ತಿದ್ದೆ, ಎಷ್ಟು ತಿಂದೆ ಅಂತ ಕೇಳಬ್ಯಾಡ್ರಿ. ಮಾಲಕರು ನನ್ನ ಚೀಲ ನೋಡಿ ‘ಇದ್ರಾಗ ಏನದರಿ?’ ಅಂದ್ರು.

‘ಮನಿ’ ಅಂದೆ, ಸ್ವಲ್ಪ ಶಾಣ್ಯಾತನ ತೋರ್ಸಿ.

‘ಹೌದೇನು? ಎಲ್ಲಿ ತೋರಸ್ರಿ ನಿಮ್ಮ ಮನಿ.’

ತೋರಸ್ಲಾಕ ಹೋದೆ. ಚೀಲದ ಬಾಯಿ ಬಿಚ್ಚಿದ್ದೇ ತಡ, ಬಳಕೂ ಕಡ್ಡಿ ಇದ್ದದ್ದಲ್ಲರಿ, ಫಟ್ ಅಂತ ಹೋಟಲಿನ ನಡಕ ಮನಿ ಎದ್ದು ನಿಂತು. ಒಂದು ಟೇಬಲ್ ಒಳಗ ಸಿಕ್ಕೊಂತು, ಆ ಟೇಬಲಿಗಿ ಚುರಮುರಿ ಸುಸಲಾ ತಿನ್ಲಾಕತ್ತಿದ್ದ ಗಿರಾಕಿನೂ ಒಳಗ ಸಿಕ್ಕೊಂಡ. ಅಂವ ಒಳಗೇ ಕೂತು ಸುಸಲಾ ಮುಗಿಸಿದ, ಚಹಾನೂ ಅಲ್ಲಿಗೇ ತರಸ್ಕೊಂಡ.

ಬಿಚ್ಚೂದು ಸಸಾರ, ಮಡಚೂದು ಬರಬೇಕಲ್ಲ. ನಾ ಒಂದು ಕಡಿ ಒತ್ತಿದ್ರ ಇನ್ನೊಂದು ಕಡಿ ಏಳ್ತದ. ಮಾಲಕರು ಬಂದ್ರು, ಭಜಿ ಕರಿಯಾವ ಬಂದ, ಬಾಜೂ ಅಡತ್ ಅಂಗಡ್ಯಾಗಿನ ಹಮಾಲರು ಬಂದ್ರು. ಒಬ್ಬರು ಅದರ ಮ್ಯಾಲ ಮಕ್ಕೊಂಡ್ರು. ಉಹುಂ. ಕಡೀಕ ವೈನಿ ಕೈ ತೊಳ್ಕೊಂಡು ಬಂದು, ‘ಸರೀರಿ ಎಲ್ಲಾರೂ’ ಅಂದು, ಪತ್ಲ ಸೀರಿ ಮಡಚಿದಂಗ ಎರಡು ಮಡಿಕಿ ಹಾಕಿ, ಮೊಣಕಾಲಿನಿಂದ ಒತ್ತಿ, ಚೀಲದಾಗ ತುಂಬಿ ಹಗ್ಗ ಬಿಗದ್ರು. ಹೋಟಲ್ ಎಲ್ಲಾ ಬಾಯಿ ತಕ್ಕೊಂಡು ನೋಡ್ತು.

ಮಾಲಕರು ನನಗ ಬಾಜೂಕ ಕರದು ಸಣ್ಣಕ ಅಂದ್ರು, ‘ನಿಮ್ಮ ಮನಿ ಎದ್ದು ನಿಂತದ್ದು ನಿಮ್ಮಿಂದ ಅಲ್ಲ ಅನ್ನೂದು ಗೊತ್ತಾತು ಬಿಡ್ರಿ.’

ಹೊಳಿ ದಂಡ್ಯಾಗ ಗೃಹಪ್ರವೇಶ

ಕಬ್ಬಿನ ಹೊಲ ದಾಟಿ ದಾಟಿ, ಹೊತ್ತು ಮುಣಗೂದ್ರಾಗ ಮಂಜ್ರಾ ಕಂಡಿತು. ವೈನಿ ಸೈಕಲ್ ನಿಲ್ಲಿಸಿದ್ರು. ಚಪ್ಪಲಿ ಬಿಟ್ಟು ನೀರಿನ್ಯಾಗ ಕಾಲ ಇಟ್ಟು ನಿಂತ್ರು. ಆಮ್ಯಾಲ ಕೈ ಮಾಡಿ ತೋರಿಸಿದ್ರು, ‘ನೋಡ್ರಿ, ಆ ಕಡಿ ಹೋಗ್ತದ.’ ಆ ಕಡಿ ಬರೇ ನೀರು, ಕಲ್ಲು, ಬೆಳ್ಳಕ್ಕಿ. ಆದ್ರ ಅವರ ಮಾರಿ ನೋಡಿ ನನಗ ಅನಸ್ತು, ಇವರಿಗಿ ಗೋದಾವರಿ ತೋರಸ್ಲಿಲ್ಲಾಂದ್ರ ನಮ್ಮ ಮನಿ ಗಂಡಸರು ಇದ್ದೂ ಏನು ಉಪಯೋಗ ಅಂತ.

ಡೇರಾ ಹಾಕೂದ್ರಾಗ ಹತ್ತಿರದ ಊರಾಗ ಸುದ್ದಿ ಮುಟ್ಟಿತ್ತು. ಮೊದಲ ಒಬ್ಬ ರೈತ ಬಂದ. ಅವನೂ ಅಣ್ಣನ ಶಿಷ್ಯ. ‘ಅಮ್ಮಾರ, ಸರ್ ಫೋನ್ ಮಾಡಿದ್ರು. ನಡ್ರಿ ಮನಿಗಿ. ಸರ್ ಮನಿಯವರು ಹೊಳಿ ದಂಡ್ಯಾಗ ಮಕ್ಕೊಂಡ್ರು ಅಂದ್ರ ನಮ್ಮ ಊರಿನ ಇಜ್ಜತ್ ಹೋಗ್ತದರಿ.’

ವೈನಿ ಕೈ ಮುಗ್ದು ಆಗೂದಿಲ್ಲ ಅಂದ್ರು. ಅವ ಹೋಗಿ ಹೆಂಡ್ತಿಗಿ ಕಳಿಸಿದ. ಅಕಿಗೂ ಆಗೂದಿಲ್ಲ ಅಂದ್ರು. ಅಕಿ ಹೋಗಿ ಅತ್ತಿಗಿ ಕಳಿಸಿದ್ಲು. ಮುದುಕಿ, ಹಣಿ ತುಂಬ ಕುಂಕುಮ, ಕಚ್ಚಿ ಸೀರಿ. ಬಂದಾಕಿನೇ ಡೇರಾದ ಸುತ್ತ ಒಂದು ಸುತ್ತು ಹಾಕಿದ್ಲು. ‘ಅಗ ಬಾಯಿ!’ ಅಂತ ಮರಾಠ್ಯಾಗ ಬೆರಗಾಗಿ, ಕನ್ನಡದಾಗ ಕೇಳಿದ್ಲು, ‘ಇದು ಹೊಸಾದೇನು?’

‘ಹೌದ್ರಿ ಆಯಿ, ಹೊಸಾದು. ಇವತ್ತೇ ಮೊದಲ ಹಾಕಿದ್ದು.’

‘ಮತ್ತ ಹಾಲು ಉಕ್ಕಿಸಿದ್ರಿಲ್ಲೋ?’

ನಾವಿಬ್ರೂ ಮಾರಿ ಮಾರಿ ನೋಡಿಕೊಂಡ್ವಿ. ಮುದುಕಿ ಹಣಿ ಹಣಿ ಬಡ್ಕೊಂಡ್ಲು. ಹಾಲ ಉಕ್ಕಿಸದಂಗ ಹೊಸ ಮನ್ಯಾಗ ಮಕ್ಕೋತಾರಂತ, ಓದಿದ ಮಂದಿ! ಸೊಸಿ ಊರ ಕಡಿ ಓಡಿದ್ಲು. ಸ್ವಲ್ಪ ಹೊತ್ತಿನ್ಯಾಗ ಹಾದಿ ತುಂಬ ಹೆಣ್ಮಕ್ಕಳು ಬಂದ್ರು. ಮೂರು ಕಲ್ಲು ಹೂಡಿ ಹಾಲು ಉಕ್ಕಿಸಿದ್ರು. ಡೇರಾದ ಝಿಪ್ಪಿಗಿ ಮಾವಿನ ತಳಿರು ಕಟ್ಟಿದ್ರು. ನಾಲ್ಕೂ ಗೂಟಕ್ಕ ಕುಂಕುಮ ಹಚ್ಚಿದ್ರು. ಊರ ಮಂದಿ ಚಪ್ಪಲಿ ಹೊರಗ ಬಿಟ್ಟು, ಬಗ್ಗಿ ಒಳಗ ಹೋಗಿ, ಮ್ಯಾಲ ಕೆಳಗ ನೋಡಿ, ‘ಛಲೋ ಕಟ್ಸೀರಿ, ಗಾಳಿ ಬೆಳಕು ಭೇಷ್ ಅದ’ ಅಂತ ನನಗ ಹೇಳಿ ಹೊರಗ ಬಂದ್ರು. ಬಿಸಿ ರೊಟ್ಟಿ, ಝುಣಕ, ಪುಂಡಿಪಲ್ಯಾ ಬಂತು. ನನ್ನ ಸಲುವಾಗಿ ಮಕ್ಕೊಳ್ಲಾಕ ಒಂದು ಹೊರಸೂ ಬಂತು. ಅದನ್ನ ಡೇರಾದಾಗ ತೂರಿಸ್ಲಾಕ ನಾಲ್ಕು ಮಂದಿ ಜಿದ್ದಿಗಿ ಬಿದ್ರು, ಆಗ್ಲಿಲ್ಲ, ಹೊರಗ ನೀರಿನ ಕಡಿ ಹಾಕಿದ್ರು. ನಾ ಬಿಲ್ಕುಲ್ ತಕರಾರು ಮಾಡ್ಲಿಲ್ಲ.

ಆದ್ರ ಮುದುಕಿ ಏಳವಲ್ಲಳು. ‘ಹೊಸ ಮನ್ಯಾಗ ಹೆಣ್ಮಗಳು ಒಬ್ಬಾಕಿನ ಮಕ್ಕೋಬಾರದು’ ಅಂದು ಒಳಗ ಹೋಗಿ ಕಾಲ ಚಾಚಿದ್ಲು. ಅತ್ತಿ ಒಬ್ಬಾಕಿನ ಹ್ಯಾಂಗ ಬಿಡೂದು ಅಂತ ಸೊಸಿ ಹೋದ್ಲು. ಸೊಸಿ ಸಂಗಟ ಅಕಿ ನೆಗೆಣಿ ಹೋದ್ಲು.

ಮುಂಜಾನಿ ಹೊರಸಿನ ಮ್ಯಾಲಿಂದ ಕಣ್ಣ ತಗದು ನೋಡ್ತೇನಿ, ಇಬ್ಬರ ಡೇರಾದಾಗಿಂದ ಹೊರಗ ಎಷ್ಟು ಕಾಲು ಬಂದಾವ ಅಂತ ಎಣಸ್ಲಾಕ ಆಗವಲ್ದು. ಅಣ್ಣನ ಫೋನ್ ಬಂತು. ‘ಯಾರ ಮನ್ಯಾಗರೆ ಮಕ್ಕೊಂಡ್ಳೇನು?’

‘ಇಲ್ಲೋ ಅಣ್ಣ’ ಅಂದೆ. ‘ಊರ ಮಂದಿನೇ ನಮ್ಮ ಮನ್ಯಾಗ ಮಕ್ಕೊಂಡಾರ.’

ಡಾಬಕಾದ ಬಾಗಲಾಗ

ಅಲ್ಲಿಂದ ಮುಂದ ವೈನಿ ಸೈಕಲ್ ಅಲ್ಲ, ಹಕ್ಕಿ. ತವರ ಹಾದಿ ಅಲ್ಲರಿ. ಒಂದೊಂದು ಗಿಡಾನೂ ಗುರ್ತು. ನನಗೂ ಅಂಥಾ ಕಷ್ಟ ಅನಸ್ಲಿಲ್ಲ. ಇನ್ನೇನು ಪರೀಕ್ಷಾ ಮುಗೀತು, ಪಾಸ್ ಅಂತ ನಾ ಮನಸಿನ್ಯಾಗೇ ಮಾರ್ಕ್ಸ್ ಹಾಕ್ಲಾಕತ್ತಿದ್ದೆ.

ಊರ ಕಾಣೂ ಹೊತ್ತಿಗಿ ರಸ್ತಾದ ಮ್ಯಾಲ ಮಂದಿ ಕಂಡ್ರು. ಹಲಗಿ ಬಾರ್ಸಲಾಕತ್ತಿದ್ರು. ನಡಕ ಒಂದು ಎತ್ತಿನ ಗಾಡಿ, ಎತ್ತಿಗಿ ಝೂಲ, ಕೋಡಿಗಿ ಬಣ್ಣ, ಗಾಡ್ಯಾಗ ಗಾದಿ. ಗಾದಿ ಮ್ಯಾಲ ವೈನಿಯ ಅವ್ವ. ವಯಸ್ಸು ಕೇಳಿದ್ರ ‘ರಜಾಕಾರ ಗದ್ದಲದಾಗ ನಾ ಕೂಸ ಇದ್ದೆ’ ಅಂತಾರ, ಅಷ್ಟ ಹಳೇ ಜೀವ. ಮುಂದ ವೈನಿಯ ತಮ್ಮ ರುಮಾಲ ಸುತ್ಕೊಂಡು ನಿಂತಿದ್ದ.

‘ಅಕ್ಕಾ, ಸೈಕಲ್ ಕೊಡು ಇಲ್ಲಿ. ಗಾಡಿ ಏರು.’

ವೈನಿ ಮಾರಿ ಇಳೀತು. ‘ಏ, ಗಾಡಿ ಏರಬಾರದೋ. ಶರತ್ತು ಅದ.’

‘ಹಂತಾ ಶರತ್ತ ನಿಮ್ಮ ಬೀದರದಾಗ ಇಟ್ಕೋರಿ. ಮನಿ ಮಗಳು ಬೆವರು ಸುರಿಸ್ಕೋತ ಸೈಕಲ್ ತುಳ್ಕೊಂಡು ತವರ ಹೊಕ್ಳು ಅಂದ್ರ ಮಂದಿ ನಮಗ ಏನಂತಾರ? ಈ ಊರಾಗ ಹೆಣ್ಮಗಳು ತವರಿಗಿ ಬಂದ್ರ ಗಾಡಿ ಕಳಿಸೂದು ಅಪ್ಪನ ಕಾಲದಿಂದ ನಡ್ದು ಬಂದದ. ಏರು ಅಕ್ಕಾ.’

ಬಸ್ಸಿನ ಡ್ರೈವರಿಗಿ ಇಲ್ಲ ಅಂದವರು, ಊರಿಗೂರೇ ಕರದ್ರೂ ಇಲ್ಲ ಅಂದವರು, ಇಲ್ಲಿ ಸೈಕಲ್ ಇಳದ್ರು. ಯಾಕಂದ್ರ ಗಾಡ್ಯಾಗಿಂದ ಅವ್ವ ಕೈ ಚಾಚಿದ್ಲು. ‘ಬಾ ನನ್ನವ್ವಾ, ಕೂಡು’ ಅಂದ್ಲು. ತವರವ್ವ ಚಾಚಿದ ಕೈಗಿ ಇಲ್ಲ ಅನ್ನೂ ಮಗಳು ಎಲ್ಲಿ ಇದ್ದಾಳ್ರಿ?

ವೈನಿ ನನ್ನ ಕಡಿ ನೋಡಿದ್ರು. ಕಣ್ಣಾಗ ನೀರಿತ್ತು. ನಾ ಹತ್ತಿರ ಹೋಗಿ ಸಣ್ಣಕ ಅಂದೆ, ‘ವೈನಿ, ಏರಿಬಿಡ್ರಿ. ಮನಿ ಕಾಣ್ಲಾಕತ್ತದ. ನಾ ಆ ಕಡಿ ಮಾರಿ ಮಾಡಿ ನಿಂದರ್ತೇನಿ. ಸುಪರ್ವೈಜರ್ ನೋಡ್ಲಿಲ್ಲಾಂದ್ರ ಏನೂ ಆಗಿಲ್ಲ.’

‘ನಾ ನೋಡ್ತೇನಲ್ಲ’ ಅಂದ್ರು ವೈನಿ.

ಕಣ್ಣ ಒರಸ್ಕೊಂಡ್ರು. ಕ್ಯಾರಿಯರ್ ಮ್ಯಾಲಿನ ಗಂಟು ಬಿಚ್ಚಿ ಹ್ಯಾಂಡಲಿಗಿ ಹಾಕಿದ್ರು. ಓಢಣಿ ಮಡಚಿ ಕ್ಯಾರಿಯರ್ ಮ್ಯಾಲ ಹಾಸಿದ್ರು. ‘ಅವ್ವಾ, ನಾ ನಿನ್ನ ಗಾಡಿ ಏರ್ಲಾಕ ಬರೂದಿಲ್ಲ. ನೀನ ನನ್ನ ಗಾಡಿ ಏರು.’

ಹಲಗಿ ನಿಂತು. ತಮ್ಮ ‘ಅಕ್ಕಾ, ತಲಿ ಕೆಟ್ಟದೇನು, ಬಿದ್ದಗಿದ್ದಾಳು’ ಅಂತ ಒದರಿದ. ಅವ್ವ ಸೈಕಲ್ ಕಡಿ ನೋಡಿದ್ಲು, ಮಗನ ಕಡಿ ನೋಡಿದ್ಲು. ‘ನಿಮ್ಮಪ್ಪ ಒಮ್ಮಿನೂ ಕೂಡಸ್ಲಿಲ್ಲ ನೋಡು’ ಅಂದ್ಲು. ಅಷ್ಟಂದು ಗಾಡಿಯಿಂದ ಇಳ್ದು, ಒಂದೇ ಕಡಿ ಕಾಲ ಹಾಕಿ ಕೂತು, ಮಗಳ ನಡ ಗಟ್ಟಿ ಹಿಡ್ಕೊಂಡ್ಲು.

ವೈನಿ ತುಳದ್ರು. ಹಲಗಿ ಮೊದಲಿಗಿಂತ ಜೋರ ಎದ್ದಿತು. ಬೊಚ್ಚ ಬಾಯಿ ತುಂಬ ನಕ್ಕೋತ ಅವ್ವ ಊರ ಹೊಕ್ಕಳು, ಕಟ್ಟಿ ಮ್ಯಾಲಿನವರಿಗೆಲ್ಲಾ ಕೈ ಮಾಡ್ಕೋತ. ಹಿಂದ ಓಡಿದ ಮಂದ್ಯಾಗ ಎಷ್ಟೋ ಮಂದಿ ಅಳ್ಲಾಕತ್ತಿದ್ರು, ನನ್ನೂ ಹಿಡ್ದು. ಈ ಸಲ ಬೆವರಲ್ಲ.

ನಾ ಸೈಕಲ್ ಏರಬೇಕು, ಅಷ್ಟ್ರಾಗ ವೈನಿಯ ತಮ್ಮ ನನ್ನ ರಟ್ಟಿ ಹಿಡದ. ‘ಶೃಂಗಾರ ಮಾಡಿದ ಗಾಡಿ ಖಾಲಿ ಹೊಳ್ಳಿ ಒಯ್ಯಬಾರದು. ನೀವು ಏರ್ರಿ.’ ನಾ ಬ್ಯಾಡ ಅಂದಿದ್ದು ಒಂದೇ ಸಲ. ಅದೂ ಸಣ್ಣ ಧ್ವನಿಲಿ. ವೈನಿಗಂತ ತಂದ ಹಾರ ನನ್ನ ಕೊಳ್ಳಿಗಿ ಬಿತ್ತು, ನನ್ನ ಸೈಕಲ್ ನನ್ನ ಮಗ್ಗಲದಾಗ ಮಕ್ಕೊಂತು.

ಮನಿ ಪಡಸಾಲ್ಯಾಗ ಯಾರೋ ಎದ್ದು ನಿಂತ್ರು. ನೋಡ್ತೇನಿ, ನಮ್ಮ ಅಣ್ಣ! ನಸಕಿನ ಮೊದಲ ಬಸ್ಸಿಗೇ ಬಂದು ಕೂತಿದ್ದ. ಕಣ್ಣ ಕೆಂಪಗ ಆಗಿದ್ವು, ರಾತ್ರಿ ಮಕ್ಕೊಂಡಿದ್ದಂಗ ಇರ್ಲಿಲ್ಲ. ವೈನಿ ಅವ್ವಗ ಇಳಿಸಿ ಅವನ ಮುಂದ ನಿಂತ್ರು.

‘ಹಾದ್ಯಾಗಿನವರಿಗಿ ಫೋನ್ ಮಾಡಿ ಮನಿ ತಯಾರ ಇಟ್ಟಿದ್ರೇನು ನನಗ ಫೇಲ್ ಮಾಡ್ಲಾಕ?’

ಅಣ್ಣ ತಲಿ ಕೆಳಗ ಹಾಕಿದ. ‘ನೀರು ಬೇಕೇನು ಕೇಳ್ರಿ ಅಂತ ಅಷ್ಟೇ ನಾ ಹೇಳಿದ್ದೆ. ಅಂಜಿಕಿ ಬಂದಿತ್ತು.’ ಆಮ್ಯಾಲ ಹೆಡ್‌ಮಾಸ್ತರ ಗತ್ತು ನೆನಪಾಗಿ ನೆಟ್ಟಗ ನಿಂತ. ‘ಯಾರ ಗಾಡಿನರೆ ಏರಿದ್ಯೇನು?’

‘ನಿಮ್ಮ ಸುಪರ್ವೈಜರಿಗಿ ಕೇಳ್ರಿ.’

ಅದೇ ಹೊತ್ತಿಗಿ ಗಾಡಿ ಬಂದು ನಿಂತು. ನಾ ಕೊಳ್ಳಾಗ ಹಾರ, ಹಣಿ ಮ್ಯಾಲ ಕುಂಕುಮ, ಗಾದಿ ಮ್ಯಾಲಿಂದ ಮೆತ್ತಗ ಇಳದೆ.

ಅಣ್ಣ ನನ್ನ ಕಾಲಿಂದ ತಲಿ ತನಕಾ ನೋಡಿದ. ‘ಅಕಿ ಪಾಸ್. ನೀ ಫೇಲ್.’

ಪಡಸಾಲಿ ತುಂಬ ನಗಿ ಎದ್ದಿತು. ಅಣ್ಣ ಮಾತ್ರ ನಗಲಿಲ್ಲ. ಕೆಂಪ ಸೈಕಲ್ಲಿನ ಹ್ಯಾಂಡಲ್ ಮ್ಯಾಲ ಕೈ ಆಡಿಸಿಕೋತ, ಯಾರಿಗೂ ಕೇಳಸಬಾರದು ಅನ್ನೂವಂಗ ಕೇಳಿದ, ‘ಆ ಡೇರಾದಾಗ ಇಬ್ಬರು ಹಿಡಸ್ತಾರಲ್ಲ? ಗೋದಾವರಿ ತನಕಾ ನಾನೂ ಬರ್ಲೇನು?’

ವೈನಿ ಅವನ ಮಾರಿನೇ ನೋಡಿದ್ರು. ಎಷ್ಟು ವರ್ಷದಿಂದ ಆ ಮಾತಿಗಿ ಕಾದಿದ್ರೋ ಏನೋ. ಆದ್ರ ನಮ್ಮ ವೈನಿ ಅಲ್ಲರಿ, ಸಸಾರ ಬಿಡ್ತಾರೇನು?

‘ಬರ್ರಿ. ಆದ್ರ ಮೊದಲ ಒಂದು ಪರೀಕ್ಷಾ. ಬೀದರದಿಂದ ಡಾಬಕಾ ತನಕಾ ಸೈಕಲ್ ಮ್ಯಾಲ ಬಂದು ತೋರಸ್ಬೇಕು. ಯಾರ ಗಾಡಿನೂ ಏರಬಾರದು. ಹಾದ್ಯಾಗ ಆ ಕಟ್ಟಿ ಮ್ಯಾಲಿನ ಅಜ್ಜಾರು ಕೊಡೂ ಚಹಾ, ಸಕ್ಕರಿ ಇಲ್ಲದ್ದು ಕುಡೀಬೇಕು.’

‘ಆಯ್ತು’ ಅಂದ ಅಣ್ಣ. ‘ಸುಪರ್ವೈಜರ್ ಯಾರು?’

ಎಲ್ಲಾರೂ ನನ್ನ ಕಡಿ ಹೊಳ್ಳಿದ್ರು. ನಾ ಹಾರ ತಗದು ಎತ್ತಿನ ಕೊಳ್ಳಿಗಿ ಹಾಕಿ ಗಾಡಿ ಹಿಂದ ಸರಕೊಂಡೆ. ಅಷ್ಟ್ರಾಗ ಒಳಗಿಂದ ವೈನಿಯ ಅವ್ವನ ಧ್ವನಿ ಬಂತು.

‘ಅಂವಗ ಬಿಡ್ರಿ, ಫೇಲಾಗ್ಯಾನ. ಅಳಿಯಗ ನಾ ನೋಡ್ಕೋತೇನಿ. ಆ ಕ್ಯಾರಿಯರ್ ಮ್ಯಾಲ ಅಷ್ಟು ಒಂದು ದಿಂಬು ಕಟ್ಟಿಡ್ರಿ.’